ಬೀಗ ಹಾಕಿದ ಅಂಗಡಿಯ ಪ್ರಿಂಟರು

ಶುಕ್ರವಾರ ಮಧ್ಯಾಹ್ನ ರಾಯ್ನಾ ಅಜ್ಜಿ ತಿಥಿಯ ಹಾಳೆ ಮುದ್ರಿಸುವ ಅಂಗಡಿಗೆ ಬಂದು ಕೌಂಟರಿನ ಮೇಲೆ ಕೈಚೀಲ ಇಟ್ಟಳು. ಚೀಲದಲ್ಲಿ ನಾಳೆಯ ತಿಥಿಗೆ ಬೇಯಿಸುವ ಗೋಧಿ ಇತ್ತು.

"ಪ್ಲಾಮೆನ್, ನನ್ನ ಮಗ ಮಿಲ್ಚೊನ ಹಾಳೆ ಎಲ್ಲೋ? ನಾಳೆ ಅವನ ನಲವತ್ತನೇ ದಿನ. ಬಂದರಿನ ಗೇಟಲ್ಲಿ ನೋಡ್ದೆ, ಬಸ್ ಸ್ಟಾಪಲ್ಲಿ ನೋಡ್ದೆ. ನಮ್ಮ ಬಾಗಿಲ ಮೇಲೂ ಇಲ್ಲ."

"ಬಂದಿದ್ರೆ ಅಂಟಿಸ್ತಿರಲಿಲ್ವಾ ಅಜ್ಜಿ. ಬಂದೇ ಇಲ್ಲ."

"ಸೋಮವಾರವೇ ಆಫೀಸಲ್ಲಿ ಫೋಟೋ ಕೊಟ್ಟೆನಲ್ಲೋ. ಇದ್ದದ್ದೇ ಅದೊಂದು."

ದಾನ್ಯೂಬ್ ನದಿಯ ದಂಡೆಯ ಲೋಮ್ ಊರಿನಲ್ಲಿ ತಿಥಿಗೆ ಯಾರೂ ಯಾರನ್ನೂ ಬಾಯಿಬಿಟ್ಟು ಕರೆಯುವುದಿಲ್ಲ. ಗೋಡೆ ಕರೆಯುತ್ತದೆ. ಸತ್ತವರ ಮುಖವಿರುವ ಹಾಳೆ ಬಾಗಿಲಿಗೆ, ಮರಕ್ಕೆ, ಕೆಲಸ ಮಾಡಿದ ಜಾಗದ ಗೇಟಿಗೆ ಅಂಟುತ್ತದೆ, ಓದಿದವರು ಬರುತ್ತಾರೆ. ಹಾಳೆ ಇಲ್ಲವೆಂದರೆ ಗೋಧಿ ಇಟ್ಟುಕೊಂಡು ಒಬ್ಬರೇ ಕೂರುವುದು.

ಒಬ್ಬನೇ ಕೂರುವುದು ಹೇಗಿರುತ್ತದೆಂದು ಪ್ಲಾಮೆನ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಏಪ್ರಿಲ್‌ನಲ್ಲಿ ಅವನ ತಾಯಿ ವೆಸ್ಕಾಳ ನಲವತ್ತನೇ ದಿನ. ಅವನು ಸೋಫಿಯಾದಲ್ಲಿ ಇಟ್ಟಿಗೆ ಹೊರುತ್ತಿದ್ದ; ಅಲ್ಲಿಂದಲೇ ಫೋನಿನಲ್ಲಿ ಹಾಳೆಗೆ ಹೇಳಿ, ಬಸ್ಸಿಳಿದವನೇ ನೇರ ಸ್ಮಶಾನಕ್ಕೆ ಹೋಗಿದ್ದ. ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳಿಗೆ ಬಂದವರು ಪಾದ್ರಿ, ಮಗ, ದಿನ ಎಣಿಸಿಟ್ಟುಕೊಂಡಿದ್ದ ಪಕ್ಕದ ಮನೆಯ ರಾಯ್ನಾ ಅಜ್ಜಿ, ಇಷ್ಟೇ. ಮಿಕ್ಕ ಗೋಧಿ ಗುಬ್ಬಿಗಳ ಪಾಲಾಯಿತು. ಅಂದಿನಿಂದ ಈ ಊರೆಂದರೆ ಅವನ ಹೊಟ್ಟೆಯಲ್ಲಿ ಕೆಂಡ. ಅಮ್ಮನ ಮನೆ ಬಿಟ್ಟುಕೊಡಲಾಗದೆ ವಾಪಸು ಬಂದ, ಬೇಸಿಗೆಯಲ್ಲಿ ಈ ಕೆಲಸ ಹಿಡಿದ. ಒಂದೊಂದು ಹಾಳೆಯನ್ನೂ ಗೋಡೆಗೆ ಕಪಾಳಮೋಕ್ಷ ಮಾಡಿದ ಹಾಗೆ ಬಡಿದು ಅಂಟಿಸುತ್ತಿದ್ದ.

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಶವಸಂಸ್ಕಾರದ ಆಫೀಸಿಗೆ ಫೋನ್ ಮಾಡಿದ. ಶುಕ್ರವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿಕೊಂಡು ಹೋಗಿದ್ದರು. ವ್ರಾತ್ಸಾ ಪಟ್ಟಣದಲ್ಲಿದ್ದ ಅಂಗಡಿ ಮಾಲೀಕ ಗೆತ್ಸೊಗೆ ಮಾಡಿದ. ಯಾರ ಹಾಳೆ ಕಾಣದಿದ್ದರೂ ಅವನದು ಒಂದೇ ಉತ್ತರ.

"ಗಾಳಿಗೆ ಹಾರಿಹೋಗಿರ್ಬೇಕು ಬಿಡೋ."

"ಅಂಟಿಸದೇ ಇರೋದು ಹೇಗಣ್ಣಾ ಹಾರುತ್ತೆ?"

"ಹಾಗಾದ್ರೆ ವಿಳಾಸ ತಪ್ಪಿರ್ಬೇಕು. ನೀನೇ ಏನೋ ಕೆದಕಿರ್ತೀಯ. ಹತ್ತನೇ ಕ್ಲಾಸು ದಾಟದವನ ಕೈಗೆ ಕಂಪ್ಯೂಟರ್ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

"ನೀವು ದಾಟಿದೀರಲ್ಲ, ಬಂದು ನೀವೇ ನೋಡಿ. ಇಲ್ಲಾಂದ್ರೆ ಸರ್ವರಿನ ಪಾಸ್‌ವರ್ಡ್ ಕೊಡಿ."

ಬೈಯುತ್ತಲೇ ಗೆತ್ಸೊ ಕೊಟ್ಟ.

ವ್ಯವಸ್ಥೆ ಇಷ್ಟೇ. ಆಫೀಸಿನವರು ಫೋಟೋ, ಬರಹ ಸೇರಿಸಿ ಸಂದೇಶ ಕಳಿಸುತ್ತಾರೆ. ಅದು ಸರ್ವರಿನಲ್ಲಿ ಒಂದು ವಿಳಾಸಕ್ಕೆ ಹೋಗಿ ಸರತಿಯಲ್ಲಿ ನಿಲ್ಲುತ್ತದೆ. ಅಂಗಡಿಯ ಕಂಪ್ಯೂಟರು ಆ ವಿಳಾಸದ ಮುಂದೆ ಕೈಚಾಚಿ ಕಾದಿದ್ದು, ಬಂದದ್ದನ್ನು ಎತ್ತಿಕೊಂಡು ಮುದ್ರಿಸುತ್ತದೆ. ಎತ್ತಿಕೊಂಡದ್ದು ಸರತಿಯಿಂದ ಅಳಿಸಿಹೋಗುತ್ತದೆ.

ಪ್ಲಾಮೆನ್ ವಿಳಾಸವನ್ನು ಅಕ್ಷರ ಅಕ್ಷರ ಓದಿದ. ಸರಿಯಾಗಿತ್ತು. ಅಳಿಸಿ ಮತ್ತೆ ಬರೆದ. ಪರೀಕ್ಷೆಗೆಂದು ಒಂದರಿಂದ ಐದರವರೆಗೆ ಬರೀ ಅಂಕಿ ಹಾಕಿ ಐದು ಸಂದೇಶ ಕಳಿಸಿದ. ಒಂದು ಬಂತು, ಮೂರು ಬಂತು, ಐದು ಬಂತು. ಎರಡೂ ನಾಲ್ಕೂ ಬರಲಿಲ್ಲ. ಆದರೆ ಸರತಿ ಖಾಲಿ. ಎಲ್ಲವೂ ತಲುಪಿದೆ ಎಂದು ಸರ್ವರು ಸಾಧಿಸುತ್ತಿತ್ತು.

"ಸುಳ್ಳು ಬೊಗಳುತ್ತೆ ಮುಂಡೇದು" ಎಂದ. ಅಜ್ಜಿ, "ಯಾರನ್ನೋ ಬೈಯ್ತಿರೋದು?" ಎಂದಳು.

ಆಗ ವಿಳಾಸದ ಪಕ್ಕದ ಸಣ್ಣ ಸಾಲು ಕಣ್ಣಿಗೆ ಬಿತ್ತು. ಈ ವಿಳಾಸದಲ್ಲಿ ಕಾಯುತ್ತಿರುವವರು: ಇಬ್ಬರು. ಅವನು ತಿರುಗಿ ಕೋಣೆಯನ್ನೊಮ್ಮೆ ನೋಡಿದ. ಅವನಿದ್ದ, ಅಜ್ಜಿ ಇದ್ದಳು, ಅಂಟಿನ ಬಕೆಟ್ ಇತ್ತು.

ಮತ್ತೆ ಗೆತ್ಸೊಗೆ ಫೋನ್ ಮಾಡಿದ. "ನಮ್ಮ ವಿಳಾಸದಲ್ಲಿ ಇನ್ನೊಬ್ಬ ಕೂತಿದಾನೆ. ಒಂದು ಬಿಟ್ಟು ಒಂದು ಅವನೇ ಎತ್ಕೋತಿದಾನೆ. ಯಾರು?"

"ಸ್ಟೇಶನ್ ಹತ್ತಿರ ನಮ್ಮದೇ ಇನ್ನೊಂದು ಅಂಗಡಿ ಇತ್ತಲ್ಲ."

"ಅದನ್ನ ಜನವರೀಲೇ ಮುಚ್ಚಿದ್ರಂತಲ್ಲ."

"ಬಾಗಿಲು ಮುಚ್ಚಿದ್ದು ಕಣೋ. ಆಗ ಎರಡಕ್ಕೂ ಒಂದೇ ವಿಳಾಸ, ಯಾರು ಬಿಡುವಾಗಿದ್ರೋ ಅವರು ಮಾಡ್ಲಿ ಅಂತ. ಕರೆಂಟ್ ಬಿಲ್ ಬರ್ತಾನೇ ಇತ್ತು. ನಾನು ಫ್ರಿಜ್ ಇರ್ಬೇಕು ಅಂದ್ಕೊಂಡೆ."

ಅಜ್ಜಿ ಗೋಧಿ ನೆನೆಹಾಕಲು ಮನೆಗೆ ಹೋದಳು. ಪ್ಲಾಮೆನ್ ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಕೀಲಿ, ಎರಡು ಕಟ್ಟು ಕಾಗದ ತೆಗೆದುಕೊಂಡು ಸ್ಟೇಶನ್ ಕಡೆ ನಡೆದ.

ಬಾಗಿಲು ತಳ್ಳಿದರೆ ಏನೋ ಅಡ್ಡವಾಯಿತು. ಹಾಳೆಗಳು. ಪ್ರಿಂಟರಿನ ತಟ್ಟೆ ತುಂಬಿ, ಜಾರಿ, ನೆಲವೆಲ್ಲ ಮುಖಗಳು. ಔಷಧಿ ಅಂಗಡಿಯವನು, ಸಂಗೀತದ ಮೇಷ್ಟರು, ಎರಡನೇ ಬ್ಲಾಕಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಕುಂಟ. ಧೂಳು ಹಿಡಿದ ಕಂಪ್ಯೂಟರಿನ ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು. ಪ್ರಿಂಟರಿನ ಕೆಂಪು ದೀಪ ಕಾಗದವಿಲ್ಲವೆಂದು ಮಿಣುಕುತ್ತಿತ್ತು. ಯಾವಾಗಿನಿಂದ ಮಿಣುಕುತ್ತಿತ್ತೋ.

ಕಾಗದ ತುಂಬಿಸಿದ. ಪ್ರಿಂಟರು ಕೆಮ್ಮಿ ಶುರುಮಾಡಿತು. ಕಾಯುತ್ತಿದ್ದವರು ಬಂದ ಕ್ರಮದಲ್ಲೇ ಹೊರಬರತೊಡಗಿದರು. ಮಿಲ್ಚೊನ ಸರದಿ ಇನ್ನೂ ದೂರ. ಅಷ್ಟರವರೆಗೆ ಅವನು ಮಂಡಿಯೂರಿ ನೆಲದ ಹಾಳೆ ಆಯತೊಡಗಿದ. ಗೋಡೆಯ ಬದಿಯಲ್ಲಿ, ನೀಲಿ ಸ್ಕಾರ್ಫ್ ಕಟ್ಟಿಕೊಂಡು, ಅಮ್ಮ ನಗುತ್ತಿದ್ದಳು. ಆ ಫೋಟೋ ಕಳಿಸಿದ್ದು ಅವನೇ. ಇಪ್ಪತ್ತು ಪ್ರತಿ. ಒಂದಕ್ಕೂ ಅಂಟು ತಾಕಿರಲಿಲ್ಲ.

ಅವನು ಎದ್ದು ಕಂಪ್ಯೂಟರನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ನೆಲಕ್ಕೆ ಅಪ್ಪಳಿಸಿದರೆ ಒಂದಾದರೂ ಸದ್ದು ಆಗುತ್ತಿತ್ತು. ಆದರೆ ಮಿಲ್ಚೊ ಇನ್ನೂ ಅದರೊಳಗೇ ಇದ್ದ. ಬಿಗಿದ ತಂತಿಗಳನ್ನು ಸಡಿಲಿಸುತ್ತ, ಮೆಲ್ಲಗೆ ಮೇಜಿನ ಮೇಲಿಟ್ಟ.

ಕ್ರೇನಿನ ಮುಂದೆ ಟೋಪಿ ಹಾಕಿಕೊಂಡು ನಿಂತ ಮಿಲ್ಚೊ ಕೊನೆಗೂ ಬಂದ. ಅವನ ಹಿಂದೆ, ಮುಖವಿಲ್ಲದ ಹಾಳೆಗಳಲ್ಲಿ, ಎರಡು ಮತ್ತು ನಾಲ್ಕು. ಪ್ಲಾಮೆನ್ ಆ ಯಂತ್ರದಿಂದ ವಿಳಾಸ ಅಳಿಸಿ, ಪ್ಲಗ್ ಕಿತ್ತ.

ಅಜ್ಜಿಯ ಬಾಗಿಲು, ಬಸ್ ಸ್ಟಾಪು, ಬಂದರಿನ ಗೇಟು ಮುಗಿಸಿದಾಗ ಇನ್ನೂ ಬಿಸಿಲಿತ್ತು. ಕಾಲು ತಾನಾಗಿ ಹೊಲಿಗೆ ಕಾರ್ಖಾನೆಯ ಕಡೆ ಎಳೆಯಿತು. ಪಾಳಿ ಮುಗಿಸಿ ಬಂದ ಹೆಂಗಸೊಬ್ಬಳು ಅವನ ಕೈಲಿದ್ದ ಹಾಳೆ ನೋಡಿ ನಿಂತಳು.

"ನಮ್ಮ ವೆಸ್ಕಾ ಅಲ್ವಾ? ನೀನು ಅವಳ ಮಗ. ಇದು ಏಪ್ರಿಲ್‌ದು ಅಲ್ವೇನಪ್ಪಾ?"

"ಹೌದು."

"ಆಗ ಎಲ್ಲೂ ಕಾಣ್ಲಿಲ್ಲ. ತಿಥಿನ ಸೋಫಿಯಾದಲ್ಲೇ ಮುಗಿಸಿಬಿಟ್ಟ, ನಮಗೊಂದು ಹಾಳೆ ಹಾಕೋಕೂ ಆಗ್ಲಿಲ್ಲ ಅಂತ ಎಲ್ಲರೂ ನಿನ್ನ ಬೈಕೊಂಡ್ವಿ. ಈಗ್ಯಾಕೆ ತಂದೆ?"

ಅವನು ಹಾಳೆಗಳ ಕಟ್ಟನ್ನು ಅವಳ ಮುಂದೆ ಹಿಡಿದ. ಅವಳು ಒಂದು ಪ್ರತಿ ಎಳೆದುಕೊಂಡು, ಮಡಿಸಿ, ಏಪ್ರನ್ನಿನ ಜೇಬಿಗಿಟ್ಟುಕೊಂಡು ಬಸ್ಸಿಗೆ ಓಡಿದಳು.

ಶನಿವಾರ ಬಂದರಿನವರು ದಂಡು ಕಟ್ಟಿಕೊಂಡು ಸ್ಮಶಾನಕ್ಕೆ ಬಂದರು. ನೆಲಕ್ಕೆ ವೈನ್ ಸುರಿದು, ಮಿಲ್ಚೊ ಕ್ರೇನಿನಿಂದ ಯಾರದೋ ಕಾರನ್ನು ದಾನ್ಯೂಬ್ ಮೇಲೆ ತೂಗುಹಾಕಿದ ಕಥೆ ಹೇಳಿ ನಕ್ಕರು. ಗೋಧಿ ಸಾಲದೆ ಹೋಯಿತು. ರಾಯ್ನಾ ಅಜ್ಜಿ ಪಾತ್ರೆಯ ತಳ ಕೆರೆದು ಕೊನೆಯ ಚಮಚ ಪ್ಲಾಮೆನ್‌ನ ಅಂಗೈಗೆ ಹಾಕಿ, "ಅಮ್ಮನಿಗೆ ಕೊಡು ಹೋಗು" ಎಂದಳು.

ಅವನು ಗೋರಿಗಳ ನಾಲ್ಕು ಸಾಲು ದಾಟಿ ಹೋಗಿ ಅಮ್ಮನ ಕಲ್ಲಿನ ಮೇಲೆ ಗೋಧಿ ಇಟ್ಟ. ಹಿಂದೆ ನಗು ಕೇಳುತ್ತಿತ್ತು. ಆರು ತಿಂಗಳು ಜೊತೆಗಿದ್ದ ಸಿಟ್ಟನ್ನು ಹೊಟ್ಟೆಯಲ್ಲಿ ತಡಕಿದ, ಇರಲಿಲ್ಲ. ಕೆಂಡವಿದ್ದ ಜಾಗ ಬರೀ ತಣ್ಣಗಿತ್ತು. ಈ ಊರಿನಲ್ಲಿ ಅವನಿಗೆ ಜೊತೆ ಅಂತ ಇದ್ದದ್ದು ಆ ಸಿಟ್ಟೊಂದೇ.