ರೊಟ್ಟಿ ತಿನ್ನುವವನು

ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಭವಾನಿ ಬಟ್ಟೆಯಿಂದ ಅದರ ಅಂಚು ಒತ್ತಿದಳು, ಪಡಸಾಲೆಯಲ್ಲಿ ರುದ್ರೇಶನ ದನಿ — ಕುಷ್ಟಗಿಯಲ್ಲಿ ಇಂಗ್ಲಿಷ್ ಕಲಿಸುತ್ತಾನಂತೆ, ಪಾಪ ಆ ಹುಡುಗರು — ಹೆಣ್ಣು ನೋಡಲು ಬಂದವನು ಬಾಯ್ತುಂಬ ತುತ್ತಿಟ್ಟುಕೊಂಡೇ ಪಾಠ ಸುರು ಮಾಡಿದ್ದಾನೆ, ಲೇಡಿ ಅಂದ್ರ ಏನು ಗೊತ್ತೇನ್ರಿ ಮಾವಾರ, ಹಳೇ ಇಂಗ್ಲಿಷಿನ್ಯಾಗ ಹ್ಲಾಫ್ ಅಂದ್ರ ರೊಟ್ಟಿ, ಅದರ ಹಿಟ್ಟು ನಾದಾಕಿ ಲೇಡಿ, ಆ ರೊಟ್ಟಿ ಕಾಯಾಂವ ಲಾರ್ಡು — ಮಾವಾರಂತೆ, ಮಾತುಕತೆಯೇ ಮುಗಿದಿಲ್ಲ, ಆಗಲೇ ಮಾವ — ಅಪ್ಪ ಹೌದ್ರೀ ಹೌದ್ರೀ ಎನ್ನುತ್ತಾನೆ, ಅಪ್ಪನಿಗೆ ಗಂಡಿನ ಕಡೆಯವರು ಕೆಮ್ಮಿದರೂ ಹೌದ್ರೀ. ಭವಾನಿಯೂ ಕೊಪ್ಪಳದ ಕಾಲೇಜಿನಲ್ಲಿ ಇದೇ ಇಂಗ್ಲಿಷ್ ಪಾಠ ಮಾಡುತ್ತಾಳೆಂದು ಬಯೋಡಾಟಾದಲ್ಲಿ ಇತ್ತಲ್ಲ, ಓದಿರಲಿಕ್ಕಿಲ್ಲ, ಎತ್ತರ, ಬಣ್ಣ ನೋಡಿ ಮಡಚಿಟ್ಟಿರಬೇಕು, ಹುಡುಗಿ ಕೈರೊಟ್ಟಿ ತಿಂದ ಮ್ಯಾಲೇ ಮಾತು ಎಂದು ಫೋನಿನಲ್ಲಿ ಹೇಳಿದ್ದು ಅವನ ಅವ್ವ, ನಿಮ್ಮೂರು ಅಳವಂಡಿಯವರ ರೊಟ್ಟಿ ತೆಳ್ಳಗ ಇರ್ತಾವಂತಲ್ರೀ — ಭವಾನಿ ಇನ್ನೊಂದು ಉಂಡೆ ಹರಿದುಕೊಂಡು ಬಡಿಯತೊಡಗಿದಳು, ಬಾಗಿಲಿನಾಚೆ ಅವನ ಬೆನ್ನು ಕಾಣುತ್ತದೆ, ಎಡಗೈ ಮೇಲಿನ ರೊಟ್ಟಿ ಖಾಲಿಯಾಯಿತು, ಆ ಕೈ ಹಾಗೇ ಹಿಂದಕ್ಕೆ ಚಾಚಿತು, ಕತ್ತು ತಿರುಗಲಿಲ್ಲ, ಮಾತು ನಿಲ್ಲಲಿಲ್ಲ, ಇವಳ ಅವ್ವ ಓಡಿಹೋಗಿ ಬಿಸಿ ರೊಟ್ಟಿ ಇಟ್ಟಳು, ಆ ಕೈಗೆ ಗೊತ್ತು, ರೊಟ್ಟಿ ಬರುತ್ತದೆ. ಅಪ್ಪನ ಕೈಯೂ ಹೀಗೇ ಚಾಚುತ್ತಿತ್ತು, ಅವ್ವನದು ಯಾವಾಗಲೂ ಕೊನೆಯ ರೊಟ್ಟಿ, ಆರಿದ್ದು, ಒಲೆಯ ಮುಂದೆ ಒಬ್ಬಳೇ, ಅವಳನ್ನು ಯಾರು ಲೇಡಿ ಎಂದರು.

ಎರಡು ಪದ ಕಲಿತು ಮೆರೆಯುತ್ತಾನೆ, ಮೂರನೆಯದು ಗೊತ್ತಿದೆಯೇ ಇವನಿಗೆ, ನಿಘಂಟಿನ ಅದೇ ಪುಟದಲ್ಲಿದೆ, ಹ್ಲಾಫೇಟ, ರೊಟ್ಟಿ ತಿನ್ನುವವನು, ಅಂದರೆ ಮನೆಯ ಆಳು, ಇನ್ನೊಬ್ಬರ ರೊಟ್ಟಿಯ ಮೇಲೆ ಬದುಕುವವನು, ಕಳೆದ ವರ್ಷ ಕ್ಲಾಸಿನಲ್ಲಿ ಹೇಳಿದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು — ಮತ್ತೆ ಆ ಕೈ, ಐದೂ ಬೆರಳು ಬಿಡಿಸಿ, ಚಟ್ನಿ ಮೆತ್ತಿದ ಹೆಬ್ಬೆರಳು — ಆಳಾದರೂ ದುಡಿದು ತಿನ್ನುತ್ತಾನೆ, ಇವನಿಗೆ ಆ ಹೆಸರೂ ದಂಡ. ಅವ್ವ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಪಿಸುಗುಟ್ಟಿದಳು, ಗಂಗಾವತ್ಯಾಗ ಇನ್ನೊಂದು ಹೆಣ್ಣು ನೋಡೋದೈತಂತ, ಈಗ ಹೇಳ್ರಿ ಅನ್ನಾಕತ್ತಾರ, ಮೂವತ್ತು ದಾಟ್ಯಾವವ್ವಾ ನಿನಗ, ಹೂಂ ಅನ್ನಲೇನು, ರೊಟ್ಟಿ ಕೊಡು ಮೊದಲು, ಕೈ ಚಾಚ್ಯಾನ ನೋಡಲ್ಲಿ. ಪರಾತದಲ್ಲಿ ಇನ್ನೂ ನಾಲ್ಕು ರೊಟ್ಟಿಗಾಗುವಷ್ಟು ಹಿಟ್ಟಿತ್ತು. ಭವಾನಿ ಗ್ಯಾಸ್ ಆರಿಸಿದಳು, ಹಂಚಿನ ಮೇಲಿನ ರೊಟ್ಟಿಯನ್ನು ತಾಟಿನಲ್ಲಿ ಹಾಕಿ ಅವ್ವನ ಕೈಗಿತ್ತಳು, ಬಿಸಿ ಐತಿ, ನೀ ಉಣ್ಣಬೇ, ಹಿಟ್ಟು ತೀರೈತಿ ಅಂತ ಹೇಳು ಅವರಿಗೆ. ಅವ್ವ ಹಿಟ್ಟಿನ ಕಡೆ ನೋಡಿದಳು, ಮಗಳ ಕಡೆ ನೋಡಿದಳು, ತಾಟು ಹಿಡಿದು ನಿಂತೇ ಇದ್ದಳು, ಪಡಸಾಲೆಯಲ್ಲಿ ಮಾತು ನಿಂತಿತು, ಕತ್ತು ಇನ್ನೂ ತಿರುಗಿಲ್ಲ, ಆ ಕೈ, ಹಿಂದಕ್ಕೆ ಚಾಚಿದ್ದು, ಖಾಲಿ.