ಗಂಟೆ ನಿಂತ ಮೇಲೆ ತೆರೆದ ಬಾಗಿಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ಒಬ್ಬ ಮನುಷ್ಯ ಸಿಕ್ಕಿಬೀಳುತ್ತಾನೆ. ನನ್ನ ತೊಂದರೆ ಅದೇ. ಬೇರೆ ಯಾರೋ ಆಗಿದ್ದರೆ ಸಿಕ್ಕಿಬೀಳಲಿ ಬಿಡಿ, ಕಥೆಗೆ ಒಳ್ಳೆಯದೇ ಎನ್ನುತ್ತಿದ್ದೆ. ಆದರೆ ಆತ ನನ್ನ ಅಕ್ಕನ ಗಂಡ. ಅವರ ಮನೆಯ ಮಹಡಿ ಕೋಣೆಯಲ್ಲಿ, ಅವರದೇ ಉಪ್ಪು ತಿಂದುಕೊಂಡು, ಹದಿನಾಲ್ಕು ವರ್ಷದಿಂದ ಕಥೆ ಬರೆಯುತ್ತಿದ್ದೇನೆ.

ಮೊದಲ ಕರಡು ಹೀಗಿತ್ತು:

"ಗಂಟೆ ಮೂರು ನಿಮಿಷ ಬಾರಿಸಿ ನಿಂತಿತು. ಶಾಸನಸಭೆಯ ಪಶ್ಚಿಮ ಬಾಗಿಲಿನ ಕಾವಲುಗಾರ ಬೀಗದ ಕೈ ತಿರುಗಿಸಿದ."

ಎರಡನೇ ವಾಕ್ಯಕ್ಕೇ ಹೊಡೆದುಹಾಕಿದೆ. ಸಭೆಗೆ ಇರುವುದೇ ಎರಡು ಬಾಗಿಲು. ಪಶ್ಚಿಮ ಎಂದ ಮೇಲೆ ಮನೆ ವಿಳಾಸ ಕೊಟ್ಟ ಹಾಗೇ ಆಯಿತು.

೨

ಎರಡನೇ ಕರಡಿನಲ್ಲಿ ಭಾವನನ್ನು ಟೈಲರ್ ಮಾಡಿದೆ. ಮುಚ್ಚಿದ ಅಂಗಡಿಯನ್ನು ಕೊನೆಯ ಗಿರಾಕಿಗೋಸ್ಕರ ಮತ್ತೆ ತೆಗೆಯುತ್ತಾನೆ, ಅದರಿಂದ ಊರೇ ಕೆಡುತ್ತದೆ. ಒಳ್ಳೆಯ ವೇಷ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಭಾವ ಓದಿದರು.

"ಅಲ್ಲಯ್ಯಾ, ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಓದಿದೋರು ನಗಲ್ವಾ?"

"ನಿಮ್ಮನ್ನ ಉಳಿಸೋಕೆ ಮಾಡಿದ್ದು ಭಾವ."

"ಟೈಲರ್ ಅಂಗಡಿ ತೆಗೆದ್ರೆ ಸರ್ಕಾರ ಉಳಿಯುತ್ತೇನೋ?"

ಉಳಿಯುವುದಿಲ್ಲ. ಬಸ್ ಕಂಡಕ್ಟರ್ ಮಾಡಿದೆ. ಬಸ್ಸೇ ಓಡ್ತಿಲ್ಲ, ಕಂಡಕ್ಟರ್ ಎಲ್ಲಿಂದ ಬಂದ ಎಂದರು. (ಪಾತ್ರಗಳಿಗೆ ಕರಡು ಓದಲು ಕೊಡಬಾರದು. ಹೊಸ ಲೇಖಕರು ಬರೆದಿಟ್ಟುಕೊಳ್ಳಿ.)

೩

ಹಾಳಾಗಿ ಹೋಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಮೂರು ಪಕ್ಷಗಳು ಸೇರಿ ಕಟ್ಟಿದ ಸರ್ಕಾರ ಇದು. ಜನ ಇದಕ್ಕೆ ಇಟ್ಟ ಹೆಸರು ಮುಕ್ಕಾಲಿ. ಚುನಾವಣೆಯಲ್ಲಿ ಒಬ್ಬರ ಮುಖಕ್ಕೆ ಒಬ್ಬರು ಉಗಿದುಕೊಂಡವರು, ಫಲಿತಾಂಶ ಬಂದ ವಾರಕ್ಕೆ ಒಂದೇ ಸೋಫಾದಲ್ಲಿ ಕೂತು ಫೋಟೊ ತೆಗೆಸಿಕೊಂಡರು. ಎರಡು ವರ್ಷವಾಯಿತು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಸರ್ಕಾರಿ ಆಸ್ಪತ್ರೆಯಲ್ಲಿ ಅಕ್ಕನ ಬಿಪಿ ಮಾತ್ರೆ ಇಲ್ಲ. ಅಕ್ಕನ ಮಗಳು ಶಾಲೆಯಲ್ಲಿ ಟೀಚರು. ಒಂದೇ ವರ್ಷದಲ್ಲಿ ಅವಳಿಗೆ ಮೂರು ವರ್ಗಾವಣೆ, ಪಕ್ಷಕ್ಕೊಂದರಂತೆ. ಮುಕ್ಕಾಲಿ ಬಿದ್ದರೆ ಸಾಕು ಎಂದು ಇಡೀ ಊರು ಕಾಯುತ್ತಿತ್ತು. ಭಾವನೂ ಕಾಯುತ್ತಿದ್ದರು. ಇದನ್ನು ದಯವಿಟ್ಟು ನೆನಪಿಡಿ. ಅವರು ಸರ್ಕಾರದ ಕಡೆಯವರಲ್ಲ, ಬಾಗಿಲಿನ ಕಡೆಯವರು.

ಗುರುವಾರ ವಿಶ್ವಾಸಮತ. ಮತದಾನಕ್ಕೆ ಮುಂಚೆ ಮೂರು ನಿಮಿಷ ಗಂಟೆ ಬಾರಿಸುತ್ತಾರೆ, ಹೊರಗಿರುವ ಸದಸ್ಯರೆಲ್ಲ ಓಡಿ ಬರಲಿ ಎಂದು. ಗಂಟೆ ನಿಂತ ಕೂಡಲೇ ಎರಡೂ ಬಾಗಿಲಿಗೆ ಒಳಗಿನಿಂದ ಬೀಗ. ಆಮೇಲೆ ಯಾರೇ ಬಂದರೂ ತೆಗೆಯುವಂತಿಲ್ಲ.

ಬಾಗಿಲಿನವರದು ಇನ್ನೊಂದು ನಿಯಮವಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಕೆಲಸಕ್ಕೆ ಸೇರಿದ ದಿನ ಹಿರಿಯ ಕಾವಲುಗಾರರು ಭಾವನಿಗೆ ಹೇಳಿಕೊಟ್ಟದ್ದು: ಮುಖ ನೋಡಬೇಡ, ಮುಖ ನೋಡಿದರೆ ಪಕ್ಷ ಕಾಣುತ್ತೆ, ಕಾಲು ನೋಡು, ಬಾಗಿಲು ತೆಗಿ. ಬಾಗಿಲಿನ ಕೆಳಗೆ ಒಂದು ಗೇಣು ಗಾಜು ಇರುವುದು ಅದಕ್ಕೇ. ಇಪ್ಪತ್ತಾರು ವರ್ಷ ಭಾವ ಕಾಲು ನೋಡಿದ್ದಾರೆ, ಬಾಗಿಲು ತೆಗೆದಿದ್ದಾರೆ.

ಗುರುವಾರ ಗಂಟೆ ನಿಂತಿತು. ಭಾವ ಬೀಗ ಹಾಕಿದರು. ಒಳಗೆ ಎಲ್ಲರೂ ಎದ್ದು ನಿಂತು ಕಿರುಚಾಡುತ್ತಿದ್ದರು. ಆಗ ಗಾಜಿನಲ್ಲಿ ಎರಡು ಕಪ್ಪು ಬೂಟು ಕಂಡವು, ಒಂದರ ಲೇಸು ಬಿಚ್ಚಿತ್ತು. ಭಾವನ ಬಲಗೈ ಬೀಗ ತೆಗೆಯಿತು. ಮುದುಕ ಸದಸ್ಯರೊಬ್ಬರು ಏದುಸಿರು ಬಿಡುತ್ತಾ ನುಗ್ಗಿದರು. ಕೈ ಮತ್ತೆ ಬೀಗ ಹಾಕಿತು. ಎಲ್ಲ ಸೇರಿ ಆರೇಳು ಸೆಕೆಂಡು.

"ನಾನು ತೆಗೀಲಿಲ್ಲ ಕಣೋ," ಅಂದರು ಭಾವ ನನಗೆ, ಅದೇ ಸಂಜೆ, ಈ ಕೋಣೆಯಲ್ಲಿ, ಇದೇ ಮಂಚದ ಮೇಲೆ ಕೂತು. "ಕೈ ತೆಗೀತು. ನನಗೆ ಗೊತ್ತಾಗಿದ್ದು ಎಣಿಕೆ ಓದಿದಾಗ."

ಎಣಿಕೆ ಓದಿದರು. ಒಂದೇ ಒಂದು ಮತದಿಂದ ಮುಕ್ಕಾಲಿ ಉಳಿಯಿತು. ಭಾವ ಆಗ ಕತ್ತೆತ್ತಿ ಆ ಮುದುಕರ ಮುಖ ನೋಡಿದರಂತೆ. ಆಳುವ ಪಕ್ಷದ ಬೆಂಚಿನಲ್ಲಿ ಕೂತು ಲೇಸು ಕಟ್ಟಿಕೊಳ್ಳುತ್ತಿದ್ದರಂತೆ.

೫

(ನಾಲ್ಕನೆಯದನ್ನು ಬರೆದು ಹರಿದೆ. ಅದರಲ್ಲಿ ಭಾವ ವೀರನಾಗಿದ್ದರು.)

"ಕ್ಯಾಮೆರಾ ಇರಲಿಲ್ಲವೇ?" ಎಂದು ಜಾಣ ಓದುಗರು ಕೇಳುತ್ತೀರಿ. ಇದೆ. ಕೆಟ್ಟಿದೆ. ರಿಪೇರಿ ಯಾವ ಸಚಿವರ ಖಾತೆಗೆ ಸೇರಬೇಕು ಎಂದು ಮೂರು ಪಕ್ಷದವರೂ ಕಿತ್ತಾಡಿ ಎಂಟು ತಿಂಗಳಾಯಿತು. ಇದು ನನ್ನ ಕಲ್ಪನೆ ಎಂದುಕೊಂಡರೆ ನೀವು ಪುಣ್ಯವಂತರು, ಒಳ್ಳೆಯ ಸರ್ಕಾರದ ಕೆಳಗೆ ಬಾಳುತ್ತಿದ್ದೀರಿ.

ಶುಕ್ರವಾರ ಬೆಳಗ್ಗೆಗೆಲ್ಲ ಸುದ್ದಿ ಹಬ್ಬಿತ್ತು. ಯಾವನೋ ಬಾಗಿಲು ತೆಗೆದನಂತೆ. ಸಭೆಯ ಗೇಟಿನ ಮುಂದೆ ಜನವೋ ಜನ. ಎರಡು ವರ್ಷದ ಸಿಟ್ಟಿಗೆ ಕೊನೆಗೂ ಒಂದು ಕೈ ಸಿಕ್ಕಿತ್ತು. ಮಂತ್ರಿಗಳು ಪೊಲೀಸರ ಹಿಂದೆ ಇದ್ದಾರೆ, ಕೈಗೆ ಸಿಗುವುದಿಲ್ಲ. ಬಾಗಿಲು ಕಾಯುವವನು ಸಿಗುತ್ತಾನೆ.

ಭಾವನೂ ನಾನೂ ಔಷಧಿ ಅಂಗಡಿಗೆ ಹೋದೆವು, ಅಕ್ಕನ ಮಾತ್ರೆಗೆ. ಉದ್ದ ಸಾಲು. ನಮ್ಮ ಮುಂದಿದ್ದವನು ಮೆತ್ತಗೆ, ಅಂಗಡಿಯವನಿಗೆ ಕೆಮ್ಮಿನ ಸಿರಪ್ಪು ಕೇಳುವ ದನಿಯಲ್ಲೇ ಹೇಳಿದ: "ಆ ಕೈ ಒಂದ್ಸಲ ಸಿಗಲಿ. ಒಂದೊಂದೇ ಬೆರಳು ಮುರೀತೀನಿ." ಯಾರೂ ಅವನನ್ನು ಗದರಲಿಲ್ಲ. ಒಬ್ಬಳು ಅಜ್ಜಿ ಹೌದಪ್ಪಾ ಎಂದಳು.

ಅಂಗಡಿಯವನು ಭಾವನ ಕಡೆ ತಿರುಗಿದ. "ನೀವು ಅಲ್ಲೇ ಕೆಲಸ ಮಾಡೋದಲ್ವಾ ಸಾರ್? ಯಾರು ಅಂತ ಗೊತ್ತಾಗಿರಬೇಕಲ್ಲ?"

ಸಾಲು ಪೂರ್ತಿ ತಿರುಗಿ ನೋಡಿತು. ನಾನು ಕಪಾಟಿನ ಸಿರಪ್ಪುಗಳ ಹೆಸರು ಓದತೊಡಗಿದೆ.

"ಅಷ್ಟು ಗದ್ದಲದಲ್ಲಿ ಯಾರಿಗೆ ಕಾಣುತ್ತೆ ಬಿಡಿ," ಎಂದು ಭಾವ ಮಾತ್ರೆಯ ಪೊಟ್ಟಣವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅವತ್ತಿನಿಂದ ಹೊರಗೆ ಹೋದಾಗಲೆಲ್ಲ ಅಲ್ಲೇ ಇರುತ್ತದೆ. (ಇದು ಸಂಕೇತವಲ್ಲ, ವಿಮರ್ಶಕ ಮಹಾಶಯರೇ. ನಿಜಕ್ಕೂ ಜೇಬಿನಲ್ಲಿರುತ್ತದೆ.)

೬

ಈಗ ಬರುವ ಪಾತ್ರವನ್ನು ನಾನು ಕರೆದದ್ದಲ್ಲ. ಎರಡು ದಿನ ಆಕೆಯನ್ನು ಕಥೆಯಿಂದ ಹೊರಗಿಡಲು ಹೆಣಗಾಡಿದೆ. ಭಾನುವಾರ ಮಧ್ಯಾಹ್ನ ಆಕೆ ತಾನೇ ಬಂದು ಕೆಳಗಿನ ಬಾಗಿಲು ತಟ್ಟಿದಳು.

ಸಭೆಯ ಪೂರ್ವದ ಬಾಗಿಲು ಕಾಯುವಾಕೆ. ನಲವತ್ತು ದಾಟಿದವಳು, ಗಂಡ ಇಲ್ಲ, ಗುತ್ತಿಗೆ ಕೆಲಸ, ಸೇರಿ ಎಂಟು ತಿಂಗಳು. ಆ ಬೂಟಿನ ಮುದುಕರು, ಸಭೆಯವರು ಶುಕ್ರವಾರ ಶುರುಮಾಡಿದ ವಿಚಾರಣೆಯಲ್ಲಿ, ತಾವು ಗಂಟೆ ನಿಲ್ಲುವ ಮುಂಚೆಯೇ ಪೂರ್ವದ ಬಾಗಿಲಿನಿಂದ ಬಂದದ್ದು ಎಂದುಬಿಟ್ಟಿದ್ದರು. ವಿರೋಧ ಪಕ್ಷದವರು ಅಲ್ಲ, ನಿಂತ ಮೇಲೆ ಬಂದರು ಎಂದು ಹಟ ಹಿಡಿದಿದ್ದರು. ಇಬ್ಬರ ಮಾತೂ ಕೂಡಿಸಿದರೆ ತಪ್ಪು ಈಕೆಯ ತಲೆಗೆ ಬರುತ್ತದೆ. ಶನಿವಾರವೇ ಕೆಲಸದಿಂದ ದೂರ ಇಟ್ಟಿದ್ದರು. ಸೋಮವಾರ ಹತ್ತು ಗಂಟೆಗೆ ಕೊನೆಯ ವಿಚಾರಣೆ.

ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. (ಲೇಖಕರಿಗೆ ಇದಕ್ಕೆ ಪರವಾನಗಿ ಇದೆ.)

"ಅಣ್ಣಾ, ನೀವು ಇಪ್ಪತ್ತಾರು ವರ್ಷದಿಂದ ಇದ್ದೀರಿ. ನೀವೊಂದು ಮಾತು ಹೇಳಿದ್ರೆ ನಂಬ್ತಾರೆ. ಇವಳು ಅಂಥವಳಲ್ಲ ಅಂತ ಹೇಳಿ, ಸಾಕು."

ಅಕ್ಕ ಒಳಗಿನಿಂದ ನೀರು ತಂದುಕೊಟ್ಟಳು. ಆಕೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತಳು.

"ಹನ್ನೊಂದು ಸಲ ಕೇಳಿದ್ರು ಅಣ್ಣಾ. ತೆಗೆದ್ಯಾ, ತೆಗೆದ್ಯಾ ಅಂತ. ಈಗ ನಾನೇ ತೆಗೆದ್ನೇನೋ ಅಂತ ನನಗೇ ಅನುಮಾನ. ನೀವೇ ಹೇಳಿಕೊಟ್ರಲ್ಲ, ಕಾಲು ನೋಡು ಅಂತ. ಎಷ್ಟು ಯೋಚನೆ ಮಾಡಿದ್ರೂ ಯಾರ ಕಾಲೂ ನೆನಪಿಗೆ ಬರ್ತಿಲ್ಲ. ಹಂಗಾದ್ರೆ ಬಂದಿರಬೇಕು, ನಾನು ಮರೆತಿರಬೇಕು. ಅಲ್ವಾ?"

"ಇಲ್ಲಮ್ಮಾ," ಎಂದರು ಭಾವ. "ನೀನು ತೆಗೀಲಿಲ್ಲ."

"ಹಂಗಂತ ಹೇಳ್ತೀರಾ ನಾಳೆ?"

ಭಾವ ಏನು ಹೇಳಿದರು ಎಂಬುದು ನನಗೆ ಕೇಳಿಸಲಿಲ್ಲ. ಏನೂ ಹೇಳಲಿಲ್ಲ ಎಂದು ಆಮೇಲೆ ಅಕ್ಕ ಹೇಳಿದಳು.

೭

ಆಕೆ ಹೋದ ಮೇಲೆ ಅಕ್ಕ ಮಹಡಿಗೆ ಬಂದಳು. ಹಾಳೆಗಳನ್ನು ನೋಡಿದಳು. ಮುಖ ಕೆಂಪಗಾಯಿತು.

"ಇದೇನೋ ಇದು? ಇವರ ಕೈಗೆ ಬೇಡಿ ಹಾಕಿಸ್ತೀಯಾ? ಹೊರಗೆ ಆ ಜನ ಇದ್ದಾರೆ, ಒಳಗೆ ಈ ಕಳ್ಳನನ್ಮಕ್ಕಳು ಇದ್ದಾರೆ. ನಿಜ ಹೇಳಿದ್ರೆ ಮತ ರದ್ದು, ಸರ್ಕಾರ ಬೀಳುತ್ತೆ. ಬಿದ್ದ ಮೇಲೆ ಆ ಮೂರೂ ಪಕ್ಷದೋರು ನಮ್ಮನ್ನ ಸುಮ್ನೆ ಬಿಡ್ತಾರಾ? ಜನಾನಾದ್ರೂ ಬಿಡ್ತಾರಾ, ನಾಲ್ಕು ದಿನ ಬಾಯಿ ಮುಚ್ಕೊಂಡಿದ್ಯಲ್ಲೋ ಅಂತ?"

"ಮತ್ತೆ ಅವಳು, ಅಕ್ಕಾ?"

ಅಕ್ಕ ಮಂಚದ ಮೇಲೆ ಕೂತಳು. "ಅವಳ ಮುಖ ನನಗೆ ನೋಡೋಕಾಗ್ಲಿಲ್ಲ ಕಣೋ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ, "ನೀನು ಬಾಯಿ ಮುಚ್ಕೊಂಡಿರು. ಪೆನ್ನೂ ಮುಚ್ಚು," ಎಂದು ಎದ್ದು ಹೋದಳು.

೮

ಬೇಕಾದ ಅಂತ್ಯ ಆರಿಸಿಕೊಳ್ಳಿ.

ಅ) ಭಾವ ನಿಜ ಹೇಳುತ್ತಾರೆ. ಮುಕ್ಕಾಲಿ ಬೀಳುತ್ತದೆ. ಬೀದಿಯಲ್ಲಿ ಕುಣಿತ. ಭಾವನ ಗತಿ ಏನು ಎಂದು ಕುಣಿಯುವವರು ಕೇಳುವುದಿಲ್ಲ. ಆರು ತಿಂಗಳಲ್ಲಿ ಅವರೇ ಮೂವರು, ಇನ್ನೊಬ್ಬನನ್ನು ಸೇರಿಸಿಕೊಂಡು ನಾಲ್ಕು ಕಾಲಿನ ಮೇಲೆ ಬರುತ್ತಾರೆ.

ಆ) ಭಾವ ಸುಮ್ಮನಿರುತ್ತಾರೆ. ಹನ್ನೊಂದು ತಿಂಗಳಲ್ಲಿ ನಿವೃತ್ತಿ, ಶಾಲು, ಭಾಷಣ. ಪೂರ್ವದ ಬಾಗಿಲಿನಾಕೆ ಹನ್ನೆರಡನೇ ಸಲ ಕೇಳಿದಾಗ ಹೌದು ಎಂದುಬಿಡುತ್ತಾಳೆ. ಗೇಟಿನ ಹೊರಗೆ ಆ ಕೈಗೆ ಕಾಯುತ್ತಿರುವವರಿಗೆ ಆಕೆಯ ಕೈ ಸಿಗುತ್ತದೆ.

ಇ) ಭಾನುವಾರ ರಾತ್ರಿಯೇ ಮೂರರಲ್ಲಿ ಒಂದು ಪಕ್ಷ ಕಾಲು ಕೀಳುತ್ತದೆ. ಸರ್ಕಾರ ತಾನಾಗಿ ಮಗುಚುತ್ತದೆ. ವಿಚಾರಣೆ ಯಾರಿಗೂ ಬೇಡವಾಗುತ್ತದೆ.

ನನಗೆ ಇಷ್ಟವಾದದ್ದು ಮೂರನೆಯದು. ನಾಚಿಕೆ ಬಿಟ್ಟು ಹೇಳುತ್ತೇನೆ, ಭಾನುವಾರ ಸಂಜೆಯೆಲ್ಲ ಟಿವಿ ಮುಂದೆ ಕೂತು ದೇವರಲ್ಲಿ ಬೇಡಿಕೊಂಡೆ. ಲಕ್ಷಾಂತರ ಜನ ನೀರಿಗಾಗಿ, ಬಸ್ಸಿಗಾಗಿ ಸರ್ಕಾರ ಬೀಳಲಿ ಎನ್ನುತ್ತಿದ್ದರು. ನಾನು ಮಾತ್ರ ನಮ್ಮ ಭಾವ ನಿಜ ಹೇಳುವ ಹಾಗಾಗದಿರಲಿ ಎಂದು ಸರ್ಕಾರ ಬೀಳಲಿ ಎನ್ನುತ್ತಿದ್ದೆ. ಭಾವನಿಗೆ ಓದಿ ಹೇಳಿದೆ.

"ಸರ್ಕಾರ ಬಿದ್ರೆ ಅವಳ ಮೇಲಿನ ಅಪವಾದ ಬೀಳುತ್ತೇನೋ?" ಎಂದರು.

ಮುಕ್ಕಾಲಿ ಬೀಳಲೂ ಇಲ್ಲ. ಮೂವರೂ ನಾಯಕರು ಕೈ ಕೈ ಹಿಡಿದು ಟಿವಿಯಲ್ಲಿ ನಕ್ಕರು.

೯

ಸೋಮವಾರ, ಅಂದರೆ ಇವತ್ತು. ಭಾವ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಮಹಡಿಗೆ ಬಂದರು. ನಿಂತುಕೊಂಡೇ ಎಲ್ಲ ಹಾಳೆ ಓದಿದರು. ಬಲಗೈಯಲ್ಲೇ ತಿರುವಿಹಾಕಿದರು.

"ಎಲ್ಲಾ ಸರಿಯಾಗೇ ಬರೆದಿದ್ದೀಯ."

"ಬರೀ ಕಥೆ ಭಾವ. ಈಗಲೇ ಹರಿದುಹಾಕ್ತೀನಿ."

"ಹರೀಬೇಡ. ನಾನು ಹೇಳ್ಬೇಕು ಅಂತ ತೀರ್ಮಾನ ಮಾಡಿದ್ದೀನಿ. ಆದ್ರೆ ಅಲ್ಲಿ ನನಗೆ ಬಾಯೇ ಬರಲ್ಲ ಕಣೋ. ಆ ಕಟ್ಟಡದಲ್ಲಿ ಇಷ್ಟು ವರ್ಷ 'ಬನ್ನಿ ಸಾರ್' ಬಿಟ್ಟು ಬೇರೆ ಮಾತು ಆಡಿಲ್ಲ. ನೀನು ಬಾ. ನನ್ನ ಪಕ್ಕ ನಿಂತು ಇದನ್ನ ಓದು. ಕೊನೇಲಿ ಹೌದು ಅಂತ ನಾನು ಅಂತೀನಿ."

"ನಾನಾ?"

"ಬರೆದೋನು ನೀನಲ್ವಾ?"

ಓದಿದರೆ ನನ್ನ ಮುಖವೂ ಟಿವಿಯಲ್ಲಿ ಬರುತ್ತದೆ. ನಾಲ್ಕು ದಿನದಿಂದ ಗೊತ್ತಿತ್ತಾ ಎಂದು ನನ್ನನ್ನೂ ಕೇಳುತ್ತಾರೆ. ಭಾವನ ಹೆದರಿಕೆ, ಭಾವನ ಹೆದರಿಕೆ ಎಂದು ಇಷ್ಟುದ್ದ ಬರೆದೆನಲ್ಲ, ಭಾವ ಎದುರಿಗೇ ನಿಂತಿದ್ದಾರೆ, ಹೆದರಿಕೊಂಡೇ ಹೊರಟಿದ್ದಾರೆ. ಕಾಲು ಬಾರದೆ ಕೂತಿರುವವನು ನಾನು.

"ಕೊನೆ ಒಂದು ಬಾಕಿ ಇದೆ ಭಾವ," ಎಂದೆ. "ಮುಗಿಸಿ ಬಂದುಬಿಡ್ತೀನಿ."

"ಮುಗಿಸು. ಕೆಳಗೆ ಕಾಯ್ತೀನಿ," ಎಂದು ನಂಬಿ ಇಳಿದುಹೋದರು.

ಈಗ ಒಂಬತ್ತೂ ಇಪ್ಪತ್ತೆಂಟು. ನಡೆದು ಹೋಗಲು ಇಪ್ಪತ್ತು ನಿಮಿಷ. ಹತ್ತಕ್ಕೆ ಆಕೆಯನ್ನು ಒಳಗೆ ಕರೆಯುತ್ತಾರೆ. ಈ ಕಥೆ ಮುಗಿದ ಕೂಡಲೇ ನಾನು ಕುರ್ಚಿಯಿಂದ ಏಳಬೇಕು. ಅದಕ್ಕೇ ಮುಗಿಸುತ್ತಿಲ್ಲ, ನಿಮಗೂ ಇಷ್ಟು ಹೊತ್ತಿಗೆ ತಿಳಿದಿರಬೇಕು. ನನ್ನ ಹಿಂದಿನ ಕಥೆಗಳ ಅಂತ್ಯ ತೆರೆದೇ ಇರುತ್ತದೆಂದು ಮೂರು ಜನ ವಿಮರ್ಶಕರು ಹೊಗಳಿದ್ದಾರೆ. ಅವೂ ಹೀಗೆಯೇ ಆದದ್ದು ಎಂದು ಯಾರಿಗೂ ಹೇಳಿರಲಿಲ್ಲ.

"ಮುಗೀತೇನೋ?" ಕೆಳಗಿನಿಂದ ಭಾವನ ದನಿ.

"ಒಂದೇ ಪ್ಯಾರಾ ಭಾವ!"

ಒಂಬತ್ತೂ ಮೂವತ್ತೆಂಟು. ಬೀದಿ ಈಗ ಹೇಗಿದೆ ಎಂದು ವಿವರಿಸುವುದು ಲೇಖಕನ ಕರ್ತವ್ಯ. ಎದುರು ಮನೆಯ ಬಾಲ್ಕನಿಯಲ್ಲಿ ಎರಡು ಅಂಗಿ ಒಣಗುತ್ತಿವೆ. ಒಂದು ನೀಲಿ. ಇನ್ನೊಂದರ ಬಣ್ಣವನ್ನೂ ಹೇಳುತ್ತೇನೆ, ತಾಳಿ.