ಆರನೇ ಎ ಸೆಕ್ಷನ್ನಿನ ಸಮಾಜದ ಅಂಕಗಳು

ಹಿಮಾಯತ್‌ನಗರದ ಮುಖ್ಯ ರಸ್ತೆಯಲ್ಲಿ, ಸೀರೆ ಅಂಗಡಿಯ ಮೇಲಿನ ಎರಡು ಮಹಡಿ ನಮ್ಮ ಶಾಲೆ. ಹೆಸರು ಬೇಡ. ಹೆಸರಿನಲ್ಲಿ ‘ಟ್ಯಾಲೆಂಟ್’ ಎಂಬ ಪದವಿತ್ತು ಎಂದರೆ ಸಾಕು, ಆಗ ಅಂಥವು ಗಲ್ಲಿಗೊಂದು ಇದ್ದವು. 2001ರಲ್ಲಿ ನಾನು ಅಲ್ಲಿ ಆರನೇ ಕ್ಲಾಸಿಗೆ ಸಮಾಜದ ಪಾಠ ಹೇಳುತ್ತಿದ್ದೆ. ನನ್ನ ಹೆಸರು ಪ್ರೇಮಾ, ಊರು ರಾಯಚೂರು, ಗಂಡ ಶಿವಾನಂದ ರೈಲ್ವೆಯಲ್ಲಿ, ಮನೆ ಮಲ್ಕಾಜ್‌ಗಿರಿ. ನನ್ನದು ಬಿ.ಎ. ಆಗಿತ್ತು, ಬಿ.ಎಡ್. ಆಗಿರಲಿಲ್ಲ. ಬಿ.ಎಡ್. ಇಲ್ಲದವಳನ್ನು ಬೇರೆ ಶಾಲೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ಮನೆಯಲ್ಲಿ ಕೂತರೆ ನನಗೆ ತಲೆ ಕೆಡುತ್ತದೆ ಎಂಬುದು ನನಗಿಂತ ಮೊದಲು ಶಿವಾನಂದರಿಗೆ ಗೊತ್ತಿತ್ತು. ಹೀಗಾಗಿ ಆ ಕೆಲಸ ನನಗೆ ಬೇಕೇ ಬೇಕಿತ್ತು. ಮುಂದಿನದನ್ನು ಓದುವಾಗ ಇದೊಂದು ನೆನಪಿರಲಿ.

ಶಾಲೆಯ ಮಾಲೀಕರನ್ನು ಅಲ್ಲಿ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಆ ಜೂನ್‌ನಲ್ಲಿ ನಮ್ಮ ಕರೆಸ್ಪಾಂಡೆಂಟ್ ಸಾರು ಮಾದಾಪುರದ ಕಡೆ ಎದ್ದ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳನ್ನು ನೋಡಿಬಂದು, ಆರನೇ ಕ್ಲಾಸನ್ನು ಎರಡು ಮಾಡಿದರು. ಎ ಸೆಕ್ಷನ್ನಿಗೆ ದಿನಕ್ಕೆ ಮೂರು ಪೀರಿಯಡ್ ಲೆಕ್ಕ, ಒಂದು ಭೌತಶಾಸ್ತ್ರ, ಒಂದು ರಸಾಯನಶಾಸ್ತ್ರ, ಒಂದು ಕಂಪ್ಯೂಟರ್, ಉಳಿದುದರಲ್ಲಿ ಇಂಗ್ಲಿಷು, ತೆಲುಗು, ಹಿಂದಿ ತುರುಕಿಕೊಂಡು ಕೂರಬೇಕು. ಸಮಾಜ ಇಲ್ಲ, ಡ್ರಾಯಿಂಗ್ ಇಲ್ಲ, ಆಟ ಮೊದಲೇ ಇರಲಿಲ್ಲ. ಬಿ ಸೆಕ್ಷನ್ನಿಗೆ ಹಳೆಯದೇ ಪಾಠ. ತಂದೆತಾಯಿಗಳು ಎ ಸೆಕ್ಷನ್ನಿಗಾಗಿ ಮುಗಿಬಿದ್ದರು. ಹನ್ನೊಂದು ವರ್ಷದ ಹುಡುಗರಿಗೆ ಐಐಟಿಯ ಬುನಾದಿ ಹಾಕುವುದಂತೆ! ಕಂಪ್ಯೂಟರ್ ಕೋಣೆಯಲ್ಲಿ ಎಂಟು ಯಂತ್ರ, ಎಸಿ, ಹೊರಗೆ ಮೂವತ್ತೆಂಟು ಜೊತೆ ಬೂಟು.

“ಸಾರ್, ಸಮಾಜ ಇಲ್ಲದಿದ್ದರೆ ಪ್ರೋಗ್ರೆಸ್ ಕಾರ್ಡಿನಲ್ಲಿ ಏನು ಬರೆಯುವುದು?” ಎಂದು ಕೇಳಿದೆ. ಕಾರ್ಡಿನಲ್ಲಿ ಆ ಸಾಲು ಅಚ್ಚಾಗಿಯೇ ಬರುತ್ತಿತ್ತು.

“ಲೆಕ್ಕದಲ್ಲಿ ಎಷ್ಟು ಬಂದಿದೆ ನೋಡಿ, ಅದಕ್ಕೆ ತಕ್ಕಂತೆ ನೀವೇ ಹಾಕಿಬಿಡಿ ಮೇಡಂ. ಲೆಕ್ಕ ಬರುವವನಿಗೆ ಸಮಾಜ ಬರುವುದಿಲ್ಲವೇ? ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಬಂದಾಗ ಎರಡು ತಿಂಗಳಲ್ಲಿ ಮುಗಿಸೋಣ” ಎಂದು ತೆಲುಗಿನಲ್ಲಿ ಹೇಳಿ, ಅವರು ಫೋನು ಎತ್ತಿಕೊಂಡರು.

ಮೊದಲ ಸಲ ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಡುಗಲಿಲ್ಲ. ಲೆಕ್ಕದಲ್ಲಿ ತೊಂಬತ್ತು ಬಂದವನಿಗೆ ಎಂಬತ್ತೈದು ಹಾಕಿದೆ, ಎಂಬತ್ತು ಬಂದವಳಿಗೆ ಎಪ್ಪತ್ತೆಂಟು. ಅನುಮಾನ ಬರಬಾರದೆಂದು ಅಲ್ಲಲ್ಲಿ ಎರಡು ಹೆಚ್ಚು, ಮೂರು ಕಡಿಮೆ. ಮೂವತ್ತೆಂಟು ಮಕ್ಕಳ ಸಮಾಜಜ್ಞಾನವನ್ನು ನಾನು ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಸಿ, ಕೆಳಗೆ ಚೊಕ್ಕವಾಗಿ ಸಹಿ ಮಾಡಿದೆ. ಆ ಮಕ್ಕಳಲ್ಲಿ ಅರ್ಧಕ್ಕರ್ಧದ ಮುಖ ಕೂಡ ನನಗೆ ಗೊತ್ತಿರಲಿಲ್ಲ.

ಎಡವಟ್ಟಾದದ್ದು ಆಗಸ್ಟ್ ಪರೀಕ್ಷೆಯ ಅಂಕಗಳಲ್ಲಿ. ಲೆಕ್ಕದ ಜನಾರ್ದನ ಸಾರು ತಮ್ಮ ಅಂಕ ತುಂಬುವುದು ತಡಮಾಡಿದರು. ಕಾಯುತ್ತ ಕೂರುವ ಜಾಯಮಾನ ನನ್ನದಲ್ಲ. ಜುಲೈ ಅಂಕ ನೋಡಿಕೊಂಡೇ ಸಮಾಜದ ಸಾಲು ತುಂಬಿಬಿಟ್ಟೆ. ತೇಜಸ್ವಿನಿ ಎಂಬ ಹುಡುಗಿಗೂ ಎಪ್ಪತ್ತೆಂಟು ಹಾಕಿದೆ. ಆಮೇಲೆ ಜನಾರ್ದನ ಸಾರು ಆಕೆಯ ಹೆಸರಿನ ಮುಂದೆ ‘ಎ.ಬಿ.’ ಎಂದು ಬರೆದರು, ಅಂದರೆ ಗೈರುಹಾಜರಿ. ಉಳಿದವರೂ ಅದನ್ನೇ ಬರೆದರು. ಹುಡುಗಿ ಟೈಫಾಯ್ಡ್ ಆಗಿ ತಿಂಗಳಿಡೀ ಆಸ್ಪತ್ರೆ, ಮನೆ ಎಂದು ಮಲಗಿದ್ದಳು. ಏಳು ವಿಷಯಗಳಲ್ಲಿ ಗೈರು, ಒಂದರಲ್ಲಿ ಮಾತ್ರ ಎಪ್ಪತ್ತೆಂಟು! ಆ ಕಾರ್ಡು ಹಾಗೆಯೇ ಅವರ ಮನೆಗೆ ಹೋಯಿತು.

ಮರುದಿನ ಅವಳ ಅಪ್ಪ ಬಂದ. ಮಲ್ಲಪ್ಪ ಎಂದು, ಬೀದರ ಜಿಲ್ಲೆಯವನು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ. ನನ್ನ ಬಾಯಲ್ಲಿ ಕನ್ನಡ ಕೇಳಿ ಮೊದಲು ಖುಷಿಪಟ್ಟ. ಆಮೇಲೆ ಕಾರ್ಡು ಬಿಚ್ಚಿದ.

“ಟೀಚರ್, ನನ್ ಮಗಳು ಹಾಸಿಗಿ ಬಿಟ್ಟು ಎದ್ದಿಲ್ರಿ. ನಿಮ್ ಪೇಪರ್ ಯಾವಾಗ ಬರದ್ಳು?”

“ಅದು… ಹಿಂದಿನ ತಿಂಗಳ ಮಾರ್ಕ್ಸ್ ನೋಡಿ ಹಾಕೀವ್ರಿ. ಹುಡುಗಿಗೆ ಛಲೋನ ಆತಲ್ಲ. ಸಹಿ ಹಾಕಿ ಕೊಡ್ರಿ” ಎಂದೆ.

“ಹಿಂದಿನ ತಿಂಗಳಾದ್ರೂ ಬರದಿದ್ಳೇನ್ರಿ?”

ನಾನು ಪೆನ್ನು ಅವನ ಮುಂದೆ ಹಿಡಿದೆ. ಮಗಳು ಮನೆಯಲ್ಲಿ ಎಲ್ಲ ಹೇಳಿದ್ದಳು ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

“ನಾ ಇನ್‌ಸ್ಪೆಕ್ಷನ್ನಾಗ ಇರಾಂವ್ರಿ,” ಎಂದ ಮಲ್ಲಪ್ಪ. ದನಿ ಏರಿಸಲಿಲ್ಲ. “ಅಳತಿ ಹಿಡೀಲಾರ್ದ ಪೀಸಿಗೆ ಇಪ್ಪತ್ತ್ ವರ್ಷದಾಗ ಒಮ್ಮೆನೂ ಸಹಿ ಹಾಕಿಲ್ಲ. ಅದು ಎಲ್ಲಿ ಹೋಗಿ ಒಡೀತೈತೋ ಯಾರಿಗ್ ಗೊತ್ತು? ಇಲ್ಲಿ ಎ.ಬಿ. ಅಂತ ಬರದ್ ಕೊಡ್ರಿ, ಈಗ ಸಹಿ ಹಾಕ್ತೀನಿ.”

ಒಂದು ಗೀಟು ಎಳೆದು ಎರಡಕ್ಷರ ಬರೆಯುವ ಕೆಲಸ. ಆದರೆ ಅದರ ಪಕ್ಕದಲ್ಲಿ ನನ್ನ ಸಹಿ ಹಾಕಬೇಕು, ಹಾಕಿದರೆ ಕರೆಸ್ಪಾಂಡೆಂಟ್ ಯಾಕೆ ಎನ್ನುತ್ತಾರೆ, ಒಬ್ಬಳದು ಸುಳ್ಳಾದರೆ ಮೂವತ್ತೇಳೂ ಸುಳ್ಳು. ತಪ್ಪು ಅವರದಾದರೂ ಮನೆಗೆ ಹೋಗುವವಳು ನಾನು.

“ಸಹಿ ಇಲ್ಲಾಂದ್ರ ಹುಡುಗೀನ್ನ ಹೊರಗ ನಿಲ್ಲಸ್ತಾರ, ನಮ್ಮ ಸ್ಕೂಲಿನ ರೂಲು” ಎಂದು ಹೆದರಿಸಿದೆ.

“ನಿಲ್ಲಲಿ ಬಿಡ್ರಿ,” ಎಂದು ಮಲ್ಲಪ್ಪ ಮೆಟ್ಟಿಲಿಳಿದ. ಎಂಥ ಮೊಂಡ ಮನುಷ್ಯ! ಆ ದಿನವೆಲ್ಲ ಅವನನ್ನು ಬೈದುಕೊಂಡೆ.

ಕಾರ್ಡಿಗೆ ಸಹಿಯಿಲ್ಲದ ಮಕ್ಕಳು ಮಧ್ಯಾಹ್ನದ ಊಟದವರೆಗೆ ವರಾಂಡದಲ್ಲಿ ನಿಲ್ಲಬೇಕು. ಒಂದು ವಾರದ ಮೇಲೆ ಶಾಲೆಗೆ ಬಂದ ತೇಜಸ್ವಿನಿಯನ್ನು ಜನಾರ್ದನ ಸಾರು ನಿಲ್ಲಿಸಿದರು. ಜ್ವರದಿಂದ ಎದ್ದ ಹುಡುಗಿ, ಕುತ್ತಿಗೆ ಕಡ್ಡಿಯಾಗಿತ್ತು, ಅರ್ಧ ಕೂದಲು ಉದುರಿತ್ತು. ಎ ಸೆಕ್ಷನ್ನಿನ ಎದುರಿಗೇ ಬಿ ಸೆಕ್ಷನ್, ನಡುವೆ ಆ ವರಾಂಡ. ಮೂರನೇ ಪೀರಿಯಡ್ಡಿಗೆ ನಾನು ಬಿ ಸೆಕ್ಷನ್ನಿಗೆ ಹೋಗುವಾಗ ದಿನವೂ ಅವಳನ್ನು ದಾಟಿ ಹೋಗಬೇಕಾಯಿತು. “ಗುಡ್ ಮಾರ್ನಿಂಗ್ ಟೀಚರ್” ಎನ್ನುತ್ತಿದ್ದಳು. ಒಂದು ದಿನವೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೆಯ ದಿನ ಬಿ ಸೆಕ್ಷನ್ನಿನಲ್ಲಿ ನದಿಗಳ ಪಾಠ. ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಒಬ್ಬ “ಟ್ಯಾಂಕರ್” ಎಂದ, ಇನ್ನೊಬ್ಬ “ಬೋರು” ಎಂದ, ಮುಂದಿನ ಬೆಂಚಿನ ಜಾಣೆ ಹರ್ಷಿತಾ “ಮುನಿಸಿಪಾಲಿಟಿ” ಎಂದಳು. ನಾನು ಹಣೆ ಚಚ್ಚಿಕೊಂಡೆ. ಆಗ ಕಿಟಕಿಯ ಹೊರಗಿನಿಂದ ಸಣ್ಣ ದನಿ ಬಂತು: “ಮಂಜೀರಾ, ಟೀಚರ್.” ಕಂಬಿ ಹಿಡಿದು ನಿಂತಿದ್ದಳು ತೇಜಸ್ವಿನಿ. “ನಮ್ಮಜ್ಜಿ ಊರ ಮುಂದ ಹರೀತೈತ್ರಿ. ಅಲ್ಲಿಂದ ಇಲ್ಲಿಗೆ ಬರತೈತಿ.” ಬಿ ಸೆಕ್ಷನ್ನಿನ ಮಕ್ಕಳು ಕನ್ನಡ ತಿಳಿಯದೆ ಕಿಸಕ್ಕೆಂದು ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ ಮಂಜೀರಾ ಎಂದು ಬರೆದೆ. ಬರೆಯುವಾಗ ಅಳು ಒತ್ತಿಕೊಂಡು ಬಂತು, ಯಾಕೆಂದು ಈಗಲೂ ಪೂರಾ ಹೇಳಲಾರೆ.

ಐದನೆಯ ದಿನ ಕಾರ್ಡು ಇಸಿದುಕೊಂಡು ಎಪ್ಪತ್ತೆಂಟರ ಮೇಲೆ ಗೀಟೆಳೆದು ಎ.ಬಿ. ಎಂದು ಬರೆದು ಸಹಿ ಹಾಕಿದೆ. ಮಲ್ಲಪ್ಪ ಸಹಿ ಮಾಡಿ ಕಳಿಸಿದ. ಹುಡುಗಿ ಒಳಗೆ ಹೋದಳು. ನಾನು ಕರೆಸ್ಪಾಂಡೆಂಟ್ ಕರೆಯುವುದನ್ನು ಕಾಯುತ್ತ ಒಂದು ವಾರ ಊಟ ಬಿಟ್ಟೆ. ಅವರು ಕರೆಯಲಿಲ್ಲ. ತಂದೆತಾಯಿಗಳ ಸಹಿಯಾಗಿ ಬಂದ ಕಾರ್ಡುಗಳಿಗೆ ಮತ್ತೊಮ್ಮೆ ಮುದ್ರೆ ಒತ್ತಿದವರೂ ಅವರೇ, ಆದರೆ ಆ ಸಾಲನ್ನು ಓದಿಯೇ ಇರಲಿಲ್ಲ. ನನ್ನ ಸುಳ್ಳನ್ನೂ ಓದಲಿಲ್ಲ, ನಿಜವನ್ನೂ ಓದಲಿಲ್ಲ. ಬದುಕಿದೆ ಎಂದು ನಿಟ್ಟುಸಿರು ಬಿಡಬೇಕಾದ ಜಾಗದಲ್ಲಿ ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ಕಡೆಗಣಿಸಿದ ವಿಷಯಕ್ಕಾಗಿಯೇ ನಾನು ಇಷ್ಟು ಹೆದರಿದ್ದು?

ಸಿಟ್ಟು ಬಂದರೂ ಸೆಪ್ಟೆಂಬರ್ ಪರೀಕ್ಷೆಯ ಅಂಕಗಳನ್ನು ಮತ್ತೆ ಲೆಕ್ಕ ನೋಡಿಯೇ ತುಂಬಿದೆ. ತೇಜಸ್ವಿನಿಯ ಸಾಲನ್ನು ಮಾತ್ರ ಖಾಲಿ ಬಿಟ್ಟೆ. ಮಲ್ಲಪ್ಪನ ಬಾಯಿಗೆ ಬೀಗ ಹಾಕಲು ಅಷ್ಟು ಸಾಕು ಎಂದುಕೊಂಡೆ.

ದಸರಾ ರಜೆ ಮುಗಿದು ಕಾರ್ಡುಗಳು ಮನೆಗೆ ಹೋದವು. ಎರಡು ದಿನದ ಮೇಲೆ ನೋಡಿದರೆ ಹುಡುಗಿ ಮತ್ತೆ ವರಾಂಡದಲ್ಲಿ! ಒಂದು ದಿನವಾಯಿತು, ಮೂರು ದಿನವಾಯಿತು. ಈ ಸಲ ಸುಳ್ಳು ಬರೆದಿಲ್ಲವಲ್ಲ, ಇನ್ನೇನು ಬೇಕಂತೆ ಆ ಪುಣ್ಯಾತ್ಮನಿಗೆ? ಭಾನುವಾರ ಮಲ್ಕಾಜ್‌ಗಿರಿಯ ತರಕಾರಿ ಸಂತೆಯಲ್ಲಿ ಮಲ್ಲಪ್ಪ ಸಿಕ್ಕ. ಅವನ ಮನೆಯೂ ಸ್ಟೇಷನ್ನಿನ ಆಚೆ ಬದಿಗೇ. ಹಿಡಿದು ನಿಲ್ಲಿಸಿ ಜಾಡಿಸಿದೆ.

“ನಿಮಗ ಮಗಳ ಮ್ಯಾಲೆ ಕರುಣಾ ಐತೋ ಇಲ್ಲೋ? ಜಡ್ಡಿನಿಂದ ಎದ್ದ ಕೂಸು. ಲೆಕ್ಕದ ಪಾಠ ಎಷ್ಟು ಹೋಗಾಕತ್ತಾವು ಗೊತ್ತೇನ್ರಿ ನಿಮಗ?”

ಮಲ್ಲಪ್ಪ ಬದನೆಕಾಯಿ ಕೈಯಲ್ಲಿ ಹಿಡಿದು ಪಿಳಿಪಿಳಿ ನೋಡಿದ. “ಏನ್ ಮಾತಾಡಾಕತ್ತೀರಿ ಟೀಚರ್? ಕಾರ್ಡ್ ಬಂದ ದಿನಾನೇ ಸಹಿ ಹಾಕೀನಲ್ರಿ ನಾ.”

ಸೋಮವಾರ ಮೂರನೇ ಪೀರಿಯಡ್ಡಿಗೆ ಮೊದಲು ಅವಳ ಬ್ಯಾಗು ಬಿಚ್ಚಿಸಿದೆ. ಲೆಕ್ಕದ ನೋಟುಪುಸ್ತಕದೊಳಗೆ ಕಾರ್ಡು ಇತ್ತು, ಮಲ್ಲಪ್ಪನ ದಪ್ಪ ಸಹಿಯೂ ಇತ್ತು.

“ಸುಳ್ಳು ಹೇಳಿದೇನ? ಜನಾರ್ದನ ಸಾರಿಗೂ ಸುಳ್ಳು, ಅಪ್ಪಗೂ ಸುಳ್ಳು?”

ಹುಡುಗಿ ತಲೆ ತಗ್ಗಿಸಿದಳು. “ಅಪ್ಪಗ ಸುಳ್ಳು ಹೇಳಿಲ್ರಿ. ಅವರು ಕೇಳಿಲ್ಲ.” ಬ್ಯಾಗಿನ ಜಿಪ್ಪು ಎಳೆಯುತ್ತ ಹೇಳಿದಳು: “ಹರಪ್ಪಾದ ಮಂದಿ ಊರ್ ಬಿಟ್ಟು ಎಲ್ಲಿ ಹೋದ್ರು ಅಂತ ಸೋಮವಾರ ಹೇಳ್ತೀನಿ ಅಂದಿದ್ರಲ್ರಿ ಟೀಚರ್. ಅದೊಂದು ಕೇಳಿ ಕೊಡಬೇಕಂದಿದ್ದೆ.”

ಆ ಶಾಲೆಯಲ್ಲೇ ಹದಿನಾಲ್ಕು ವರ್ಷ ಪಾಠ ಹೇಳಿದ್ದೆ. ನನ್ನ ಪಾಠ ತಪ್ಪಿಸಿ ಓಡಿದವರನ್ನು ಹಿಡಿದು ತಂದಿದ್ದೆ, ಕೇಳಲೆಂದು ಶಿಕ್ಷೆ ತೆಗೆದುಕೊಂಡು ನಿಂತವರನ್ನು ನೋಡಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ, ನಾಚಿಕೆಯಾಯಿತು. ಅಳತೆ ಹಿಡಿಯದೆ ಸಹಿ ಹಾಕದ ಅಪ್ಪನ ಮಗಳಿಗೆ ಕಾರ್ಡು ಬಚ್ಚಿಡುವುದನ್ನು ಕಲಿಸಿದ್ದು ಯಾರು? ಲೆಕ್ಕವಲ್ಲ, ಕಂಪ್ಯೂಟರ್ ಅಲ್ಲ. ನಾನೇ.

“ನಡಿ, ನಿನ್ ಕ್ಲಾಸಿಗೆ ನಡಿ. ಕಾರ್ಡ್ ಕೊಡು” ಎಂದು ಗದರಿಸಿ ಎ ಸೆಕ್ಷನ್ನಿಗೆ ಕಳಿಸಿದೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಆವತ್ತು ಬಿ ಸೆಕ್ಷನ್ನಿಗೆ ಹರಪ್ಪಾದವರು ಎಲ್ಲಿ ಹೋದರೆಂದು ಹೇಳಿದೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದೆ. ಅವರು ಪುಸ್ತಕ ಮುಚ್ಚಿ ಗಂಟೆ ಕಾಯುತ್ತಿದ್ದರು.

ನವೆಂಬರ್ ಕಾರ್ಡುಗಳು ಬಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತೆ. ಕೆಲಸ ಹೋಗಬಹುದು ಎಂದು ಶಿವಾನಂದರಿಗೆ ಹಿಂದಿನ ದಿನವೇ ಹೇಳಿದ್ದೆ. “ಮನ್ಯಾಗ ಕುಂತು ನನ್ನ ತಲಿ ತಿಂತಿ, ತಿನ್ನು” ಎಂದಿದ್ದರು, ಅಷ್ಟೇ. ಜನಾರ್ದನ ಸಾರಿನ ಅಂಕಗಳನ್ನು ನೋಡಲಿಲ್ಲ. ಸಮಾಜದ ಸಾಲಿನಲ್ಲಿ ಮೂವತ್ತೆಂಟು ಮಕ್ಕಳಿಗೂ ಎ.ಬಿ., ಎ.ಬಿ., ಎ.ಬಿ. ಎಂದು ಬರೆದೆ. ಕರೆಸ್ಪಾಂಡೆಂಟ್ ಎಂದಿನಂತೆ ಓದದೆ ಮುದ್ರೆ ಒತ್ತಿದರು.

ತಂದೆತಾಯಿಗಳು ಓದಿದರು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಶಾಲೆಗೆ ಒಂದು ದಿನವೂ ತಪ್ಪಿಸದ ಮಗ ಗೈರುಹಾಜರಿ ಹೇಗಾದ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಾಟ. ಕರೆಸ್ಪಾಂಡೆಂಟ್ ಅವರೆಲ್ಲರ ಎದುರಿಗೇ ನನ್ನನ್ನು ಕರೆಸಿದರು.

“ಏನು ಮೇಡಂ ಇದು?”

“ಮಕ್ಕಳು ಪರೀಕ್ಷೆ ಬರೆದಿಲ್ಲ ಸಾರ್. ನಾನು ಪಾಠವನ್ನೂ ಮಾಡಿಲ್ಲ. ಜುಲೈನಿಂದ ಇವರ ಅಂಕಗಳೆಲ್ಲ ನಾನು ಸುಮ್ಮನೆ ಬರೆದದ್ದು” ಎಂದೆ, ಮೂರು ಭಾಷೆಯಲ್ಲೂ.

ಮಧ್ಯಾಹ್ನದೊಳಗೆ ನನ್ನ ಕೆಲಸ ಹೋಯಿತು. ಸುಳ್ಳು ಅಂಕ ಹಾಕಿದ ಟೀಚರನ್ನು ತೆಗೆದುಹಾಕಿದ್ದೇವೆ ಎಂದು ತಂದೆತಾಯಿಗಳಿಗೆ ಸುತ್ತೋಲೆ ಹೋಯಿತಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯಲ್ಲಿ ಕೂತೆ. ಹೇಳಿದಂತೆಯೇ ತಲೆ ಕೆಟ್ಟಿತು, ಶಿವಾನಂದರ ತಲೆಯನ್ನೂ ತಿಂದೆ.

ಜನವರಿಯಲ್ಲಿ ರೈಲ್ವೆ ಗೇಟಿನ ಹತ್ತಿರ ಮಲ್ಲಪ್ಪ ಸಿಕ್ಕ. ಸೈಕಲ್ಲಿನಿಂದ ಇಳಿದು ನಿಂತ.

“ಹೊಸಾ ಟೀಚರ್ ಬಂದಾರ್ರಿ. ಎ ಸೆಕ್ಷನ್ನಿಗೂ ವಾರಕ್ಕೆರಡ್ ಪೀರಿಯಡ್ ಸಮಾಜ ಕೊಟ್ಟಾರ. ಪ್ರಶ್ನಿ ಉತ್ತರ ಬರಸ್ತಾರಂತ, ಅಷ್ಟ. ನಿಮ್ಹಂಗ ಹೇಳಂಗಿಲ್ಲಂತ. ಆದ್ರ ಮಗಳು ಈಗ ಒಳಗ ಕುಂತು ಕೇಳ್ತಾಳ್ರಿ.”

ನನಗೆ ಮೊದಲು ಆದದ್ದು ಹೊಟ್ಟೆಯುರಿ. ಆ ಪೀರಿಯಡ್ಡು ನನ್ನದು, ಆ ಹುಡುಗಿ ನನ್ನವಳು, ಯಾರೋ ಬಂದು ಪ್ರಶ್ನೋತ್ತರ ಬರೆಸುತ್ತಿದ್ದಾಳೆ!

“ಎಷ್ಟು ಬಂದಾವ್ರಿ ಸಮಾಜದಾಗ?” ಎಂದು ಕೇಳಿದೆ.

“ನಲವತ್ತೊಂದು,” ಎಂದ ಮಲ್ಲಪ್ಪ. “ಖರೇ ನಲವತ್ತೊಂದ್ರಿ. ಪೇಪರ್ ತರಿಸಿ ನೋಡೀನಿ, ಒಂದೊಂದ್ ಉತ್ತರನೂ ಓದೀನಿ. ಆಮ್ಯಾಲೆ ಸಹಿ ಹಾಕೀನಿ.”

“ನಾ ಕಲಿಸಿದ್ರ ಅರವತ್ತಾದ್ರೂ ಬರ್ತಿದ್ವು” ಎಂದುಬಿಟ್ಟೆ. ಮಲ್ಲಪ್ಪ ನಕ್ಕ. ನಾನೂ ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ರೈಲು ದಾಟಿ ಗೇಟು ತೆಗೆದಿದ್ದರು, ಹಿಂದಿನಿಂದ ಆಟೋದವರು ಹಾರ್ನ್ ಹೊಡೆಯುತ್ತಿದ್ದರು. ಅವನು ಸೈಕಲ್ ಹತ್ತಿದ, ನಾನು ಮನೆಯ ಕಡೆ ನಡೆದೆ.